ಗೆದ್ದವನ ಕುಣಿತ

"ಅವರ ಕಾಲು ಹೇಗಿದೆಯಂತೆ?"

ಗೆದ್ದ ಮರುದಿನ ಬೆಳಿಗ್ಗೆ ಹೆಂಡತಿ ಕೇಳಿದ ಈ ಒಂದು ಪ್ರಶ್ನೆಗೆ ಬೈಂಡರನ ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಯಾರ ಕಾಲು?" ಎಂದ, ಗೊತ್ತಿದ್ದೂ.

"ನೀವು ಪಕ್ಕದಲ್ಲೇ ಕುಣೀತಿದ್ರಲ್ಲ, ಅವರದ್ದು."

ಅವಳು ಚುಚ್ಚಿ ಕೇಳಿರಲಿಲ್ಲ. ಸುಮ್ಮನೆ ಕೇಳಿದ್ದಳು. ಅದೇ ಬೈಂಡರನಿಗೆ ಕಷ್ಟವಾದದ್ದು.

ಮುದ್ರಣಾಲಯದಲ್ಲಿ ಪುಸ್ತಕ ಹೊಲಿದು, ಅಂಟು ಬಳಿದು, ರಟ್ಟು ಕಟ್ಟುವುದು ಅವನ ಕೆಲಸ. ಮೈ ನೋಡಿದರೆ ಬಿದಿರಿನ ಗಳಕ್ಕೆ ಅಂಗಿ ತೊಡಿಸಿದಂತೆ. ಊರಿನ ಕಾರ್ಖಾನೆ, ಗೋದಾಮುಗಳ ಕೆಲಸಗಾರರಿಗೆ ವರ್ಷಕ್ಕೊಮ್ಮೆ ನಡೆಯುವ ಬಾಕ್ಸಿಂಗ್ ಪಂದ್ಯಕ್ಕೆ ಮುದ್ರಣಾಲಯದಿಂದ ಯಾರೂ ಮುಂದೆ ಬಾರದಿದ್ದಾಗ, ಆ ದಿನ ರಜೆಯಲ್ಲಿದ್ದ ಇವನ ಹೆಸರನ್ನು ಫೋರ್‌ಮನ್ ಬರೆದು ಕಳಿಸಿದ್ದ. ಮೊದಲ ಎದುರಾಳಿಗೆ ಜ್ವರ ಬಂತು. ಎರಡನೆಯವನಿಗೆ ಮಗಳು ಹುಟ್ಟಿದಳು. ಹೀಗೆ ಯಾರ ಮೈಯನ್ನೂ ಮುಟ್ಟದೆ ಬೈಂಡರ್ ಕೊನೆಯ ಪಂದ್ಯಕ್ಕೆ ಬಂದು ನಿಂತಿದ್ದ.

ಎದುರಿಗೆ ಬಂಡೆ. ಊರೆಲ್ಲ ಹಾಗೇ ಕರೆಯುವ ಗೋದಾಮಿನ ಹಮಾಲಿ. ಆರು ವರ್ಷಗಳಿಂದ ಸೋಲು ಕಂಡವನಲ್ಲ. ಬೆನ್ನ ಮೇಲೆ ಎರಡು ಮೂಟೆ ಹೊತ್ತು ಮೆಟ್ಟಿಲು ಹತ್ತುವಾಗಲೂ ಎದುರು ಬಂದವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುವ ಮನುಷ್ಯ. ಅವನು ಕಣಕ್ಕೆ ಹತ್ತಿದಾಗ ಹಲಗೆಗಳು ಕಿರುಗುಟ್ಟಿದ್ದು ಬೈಂಡರನಿಗೆ ಇನ್ನೂ ಕೇಳಿಸುತ್ತಿತ್ತು.

ಮೊದಲ ಸುತ್ತಿನಲ್ಲಿ ಬಂಡೆಯ ಒಂದೇ ಒಂದು ಗುದ್ದಿಗೆ ಬೈಂಡರನ ಮೂಗಿನಿಂದ ರಕ್ತ ಬಂತು. ಆಮೇಲೆ ಬಂಡೆ ಆ ಮೂಗಿನ ಕಡೆ ಕೈಯನ್ನೇ ತರಲಿಲ್ಲ. ಹೆಗಲಿಗೆ, ತೋಳಿಗೆ, ಮಲಗಿದ ಮಗುವನ್ನು ತಟ್ಟಿದ ಹಾಗೆ ಎರಡೇಟು, ಅಷ್ಟೆ. ಇದು ಮುನ್ನೂರು ಪ್ರೇಕ್ಷಕರಲ್ಲಿ ಯಾರಿಗೂ ತಿಳಿಯಲಿಲ್ಲ, ಏಟು ತಿಂದವನಿಗೆ ತಿಳಿಯಿತು. ಎರಡನೇ ಸುತ್ತಿನಲ್ಲಿ ಬೈಂಡರ್ ಕಣ್ಣು ಮುಚ್ಚಿ ಕೈ ಬೀಸಿದ. ಬಂಡೆ ಹಿಂದೆ ಸರಿದ. ಕಣಕ್ಕೆ ಹಾಸಿದ ಬಟ್ಟೆಯ ಮಡಿಕೆಗೆ ಪಾದ ಸಿಕ್ಕಿ ಹೊರಳಿತು. ಲಟಕ್ಕೆಂದು ಸದ್ದಾಯಿತು. ಕಣ್ಣು ತೆರೆದರೆ ಬಂಡೆ ನೆಲದ ಮೇಲೆ!

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಈ ಕಾಗೆ ಮುರಿದ ಕೊಂಬೆಯ ಪಕ್ಕದಲ್ಲೇ ಕುಣಿದಿತ್ತಲ್ಲ! ಎರಡೂ ಕೈ ಮೇಲೆತ್ತಿ, ಸೊಂಟ ತಿರುಗಿಸಿ, ನಾಲಗೆ ಚಾಚಿ. ತೀರ್ಪುಗಾರರಾಗಿದ್ದ ಡ್ರಿಲ್ ಮೇಷ್ಟ್ರು, ಬಿದ್ದವನು ಏಳಲೆಂದು ಹತ್ತು ಎಣಿಸಿ ಮುಗಿಸಿದಾಗ ಜನ ಇವನನ್ನು ಹೆಗಲ ಮೇಲೆ ಹೊತ್ತರು. ಕೆಳಗಿಳಿಸುವ ಹೊತ್ತಿಗೆ ಬಂಡೆಯನ್ನು ಆಸ್ಪತ್ರೆಗೆ ಸಾಗಿಸಿ ಆಗಿತ್ತು.

"ಈಗಲೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಬೈಂಡರ್ ಲೋಟ ಕೆಳಗಿಟ್ಟು ಎದ್ದ.

ಬಾಗಿಲಲ್ಲೇ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಅಡ್ಡ ನಿಂತಿದ್ದರು.

"ಎಲ್ಲಿಗಪ್ಪಾ ಜಗಜಟ್ಟಿ?"

"ಆಸ್ಪತ್ರೆಗೆ ಸಾರ್."

"ಆಸ್ಪತ್ರೆ ಸೋತವನಿಗೆ ಕಣೋ, ನಿನಗ್ಯಾಕೆ? ನಮ್ಮನೆಯವಳು ನಿನ್ನೆ ಬಂದಿರ್ಲಿಲ್ಲ. ಆ ಕುಣಿತ ಒಂದ್ಸಲ ತೋರಿಸಿಬಿಡು."

"ಬೇಡ ಸಾರ್. ಅವರಿಗೆ ಕಾಲು..."

"ಅಯ್ಯೋ, ಅವಳಿಗೇನೂ ಆಗಿಲ್ಲ, ಕಾಲು ಚೆನ್ನಾಗೇ ಇದೆ. ಇಲ್ಲೇ ನಿಂತು ನೋಡ್ತಾಳೆ!"

ಅಷ್ಟರಲ್ಲಿ ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಬೈಂಡರ್ ಕುಣಿದ. ಕಾದ ಕಾವಲಿಯ ಮೇಲೆ ಬಿದ್ದ ಬೆಕ್ಕಿನ ಹಾಗೆ ಎರಡು ಹೆಜ್ಜೆ. ಹೆಡ್‌ಮಾಸ್ಟರು ತಲೆಯಾಡಿಸಿ, "ನಿನ್ನೆ ಸೊಂಟ ಚೆನ್ನಾಗಿತ್ತು. ಇನ್ನೊಂದ್ಸಲ" ಎಂದರು.

ಮೂರು ಸಲ ಕುಣಿದು ಮುಗಿಸುವಷ್ಟರಲ್ಲಿ ಆಸ್ಪತ್ರೆಗೆ ಹೋಗುವುದಿರಲಿ, ಕೆಲಸಕ್ಕೇ ತಡವಾಗಿತ್ತು. ಮುದ್ರಣಾಲಯದಲ್ಲಿ ಬೈಗುಳ ಕಾದಿರುತ್ತದೆ ಎಂದುಕೊಂಡು ಹೋದರೆ, ಫೋರ್‌ಮನ್ ಯಂತ್ರಗಳನ್ನೆಲ್ಲ ನಿಲ್ಲಿಸಿ, ಕಾಗದದ ಕಟ್ಟುಗಳನ್ನು ಜೋಡಿಸಿ ವೇದಿಕೆಯನ್ನೇ ಮಾಡಿಟ್ಟಿದ್ದ.

"ಹತ್ತು ಮೇಲೆ! ಆರು ವರ್ಷದ ಬಂಡೇನ ಪುಡಿ ಮಾಡಿದ್ದೀಯ. ಕುಣಿಯೋಕೇನು ನಾಚಿಕೆ?"

"ಅವರು ಜಾರಿ ಬಿದ್ದಿದ್ದು ಸಾರ್. ನನ್ನ ಕೈ ಅವರಿಗೆ ತಗಲ್ಲೇ ಇಲ್ಲ."

"ಕೇಳಿದ್ರೇನ್ರೋ? ಕೈ ತಗಲ್ದೇನೇ ಬೀಳಿಸಿದ್ನಂತೆ!" ಎಂದು ಫೋರ್‌ಮನ್ ಚಪ್ಪಾಳೆ ಹೊಡೆದ.

ಕುಣಿಯುತ್ತ ಮೂರನೆಯ ಹೆಜ್ಜೆಗೆ ಕಾಗದದ ಕಟ್ಟು ಜಾರಿತು. ಬೈಂಡರನ ಬಲಗಾಲು ನೇರ ಅಂಟಿನ ಬಕೆಟ್ಟಿಗೆ ಇಳಿಯಿತು. "ಹೊಸ ಹೆಜ್ಜೆ, ಹೊಸ ಹೆಜ್ಜೆ!" ಎಂದು ಎಲ್ಲರೂ ಕೂಗಿದರು.

ಊಟದ ಬಿಡುವಿನಲ್ಲಿ ಅವನು ಹಿಂಬಾಗಿಲಿನಿಂದ ನುಸುಳಿ, ಆರು ಕಿತ್ತಳೆ ಹಣ್ಣು ಕೊಂಡು ಆಸ್ಪತ್ರೆಯ ದಾರಿ ಹಿಡಿದ. ಅಂಟಿನ ಕಾಲಿಗೆ ದಾರಿಯುದ್ದಕ್ಕೂ ತರಗೆಲೆ, ಬಸ್ಸಿನ ಟಿಕೆಟು, ಯಾವುದೋ ಅಂಗಡಿಯ ಜಾಹೀರಾತು ಮೆತ್ತಿಕೊಳ್ಳುತ್ತ ಬಂದವು. ಆಸ್ಪತ್ರೆ ಕಾಣುವ ಹೊತ್ತಿಗೆ ಅವನ ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದರಲ್ಲಿ ದಪ್ಪನೆಯ ಪುಸ್ತಕ. ಹಿಂದೆ ಗದ್ದಲ ಕೇಳಿ ತಿರುಗಿ ನೋಡಿದರೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಫೋರ್‌ಮನ್, ಹೆಡ್‌ಮಾಸ್ಟರು, ಡ್ರಿಲ್ ಮೇಷ್ಟ್ರು, ಮುದ್ರಣಾಲಯದ ಮೂವತ್ತು ಜನ, ಶಾಯಿಯ ಖಾಲಿ ಡಬ್ಬ ಬಡಿಯುತ್ತ ಬರುತ್ತಿದ್ದರು.

"ಸೋತವನ ಎದುರಿಗೇ ಹೋಗಿ ಕುಣಿಯೋ ಎದೆಗಾರಿಕೆ ಯಾರಿಗಿದೆ! ನಡಿ, ನಾವೂ ಬರ್ತೀವಿ!" ಎಂದು ಫೋರ್‌ಮನ್ ಕೂಗಿದ.

ಆಸ್ಪತ್ರೆಯ ಕಾವಲುಗಾರ ಪುಣ್ಯಾತ್ಮ. ಒಬ್ಬನನ್ನು ಮಾತ್ರ ಒಳಗೆ ಬಿಟ್ಟ.

ಮಹಡಿಯ ವಾರ್ಡಿನಲ್ಲಿ ಬಂಡೆಗೆ ಮಂಚ ಸಾಲದೆ ಪಾದಗಳು ಕಂಬಿಯಾಚೆ ಚಾಚಿದ್ದವು. ಒಂದು ಕಾಲಿಗೆ ತೊಡೆಯವರೆಗೂ ಪ್ಲಾಸ್ಟರು. ಆ ಸ್ಥಿತಿಯಲ್ಲೂ ಅವನು ಮೈ ವಾಲಿಸಿ, ಪಕ್ಕದ ಮಂಚದ ಮುದುಕನ ತಲೆಯನ್ನು ಒಂದೇ ಅಂಗೈಯಲ್ಲಿ ಎತ್ತಿ ಹಿಡಿದು ನೀರು ಕುಡಿಸುತ್ತಿದ್ದ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಬೈಂಡರ್ ಬಾಗಿಲಲ್ಲೇ ನಿಂತುಬಿಟ್ಟ. ನಿನ್ನೆ ತನ್ನ ಮೂಗನ್ನು ಬಿಟ್ಟು ಸರಿದದ್ದು ಇದೇ ಕೈ.

ಬಂಡೆ ತಲೆಯೆತ್ತಿ ನೋಡಿದ. "ಓ, ಬಾಪ್ಪಾ! ಮೂಗು ಹೇಗಿದೆ?"

ಬೈಂಡರ್ ಹತ್ತಿರ ಬಂದು ಕಿತ್ತಳೆಗಳನ್ನು ಮಂಚದ ಮೇಲಿಟ್ಟ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಅಣ್ಣಾ, ಕ್ಷಮಿಸಿಬಿಡಿ. ನೀವು ಬಿದ್ದಿದ್ರಿ. ನಾನು ಕುಣಿದೆ."

"ನೋಡ್ದೆ. ಚೆನ್ನಾಗಿತ್ತು."

"ಅಷ್ಟು ನೋವಲ್ಲಿ, ಬಿದ್ಕೊಂಡೇ ನೋಡಿದ್ರಾ?"

ಬಂಡೆ ಕಿತ್ತಳೆಯೊಂದನ್ನು ಎತ್ತಿಕೊಂಡು ಸುಲಿಯತೊಡಗಿದ. ತಪ್ಪು ಮಾಡಿದವನ ಹಾಗೆ ತಗ್ಗಿದ ದನಿಯಲ್ಲಿ, "ಇಲ್ಲಪ್ಪಾ, ನಿಂತ್ಕೊಂಡು" ಎಂದ.

"ನಿಂತ್ಕೊಂಡಾ?"

"ಮೇಷ್ಟ್ರು ಏಳು ಎಣಿಸುವಾಗ ಎದ್ದೆ. ಒಂದೇ ಕಾಲಲ್ಲಿ. ಕೈಯನ್ನೂ ಮುಂದೆ ಹಿಡಿದಿದ್ದೆ. ಆದ್ರೆ ಅವರು ನಿನ್ನನ್ನ ಮೂಲೆಗೆ ಎಳೀತಾ, ಬೆನ್ನು ತಿರುಗಿಸಿಕೊಂಡು ಎಣಿಸ್ತಿದ್ರು. ಜನ ಎಲ್ಲಾ ನಿನ್ನನ್ನೇ ನೋಡ್ತಿದ್ರು. ಹತ್ತು ಅಂದುಬಿಟ್ರು. ಸರಿ ಅಂತ ಮತ್ತೆ ಕೆಳಗೆ ಕೂತ್ಕೊಂಡೆ."

ಬೈಂಡರ್ ಆ ಪ್ಲಾಸ್ಟರನ್ನು ನೋಡಿದ. ಮೂಳೆ ಎರಡು ಕಡೆ ಮುರಿದಿದೆ ಎಂದು ಮೆಟ್ಟಿಲ ಬಳಿ ನರ್ಸಮ್ಮ ಹೇಳಿದ್ದಳು. ಅಂಥ ಕಾಲನ್ನು ಇಟ್ಟುಕೊಂಡು ಈ ಮನುಷ್ಯ ಎದ್ದು ನಿಂತಿದ್ದ, ತಾನು ನಾಲಗೆ ಚಾಚಿಕೊಂಡಿದ್ದಾಗ!

"ಹೇಳ್ಬೇಕಿತ್ತಲ್ಲಣ್ಣಾ!"

"ಹೇಗೆ ಹೇಳ್ಲಿ? ಅಷ್ಟು ಖುಷಿಯಲ್ಲಿದ್ದೆ ನೀನು. ಆರು ವರ್ಷ ಗೆದ್ದಿದ್ದೀನಿ, ಒಂದ್ಸಲಾನೂ ಹಾಗೆ ಖುಷಿಪಡೋಕೆ ನನಗೆ ಬರ್ಲಿಲ್ಲ." ಬಂಡೆ ಅರ್ಧ ಹಣ್ಣನ್ನು ಇವನ ಕೈಗಿಟ್ಟ. "ತಿನ್ನು. ಮಧ್ಯಾಹ್ನ ಊಟ ಮಾಡಿಲ್ಲ ಅನ್ಸುತ್ತೆ."

ಬೈಂಡರ್ ತಿನ್ನಲಿಲ್ಲ. ಹಣ್ಣನ್ನು ಹಿಡಿದುಕೊಂಡೇ ಮೆಟ್ಟಿಲು ಹಾರಿ ಗೇಟಿಗೆ ಓಡಿದ. ಹುಟ್ಟಿದ್ದು ಸಾರ್ಥಕವಾಗುವಂಥ ಒಂದು ಮಾತನ್ನು ಇವತ್ತಾದರೂ ಆಡಬೇಕೆಂದು ಎದೆ ಬಡಿದುಕೊಳ್ಳುತ್ತಿತ್ತು.

"ನಿಲ್ಲಿಸಿ! ನಾನು ಗೆದ್ದಿಲ್ಲ! ಅವರು ಎದ್ದಿದ್ರು! ಏಳಕ್ಕೇ ಎದ್ದು ನಿಂತಿದ್ರು!"

ಡಬ್ಬದ ಸದ್ದು ನಿಂತಿತು. ಎಲ್ಲರೂ ಡ್ರಿಲ್ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರ ಮುಖ ಒಂದು ಕ್ಷಣ ಸುಣ್ಣದ ಗೋಡೆಯಂತಾಯಿತು. ಆಮೇಲೆ ಅವರು ಎರಡೂ ಕೈ ಜೋಡಿಸಿದರು.

"ನೋಡಿದ್ರಾ? ಇದಪ್ಪಾ ಕ್ರೀಡಾ ಮನೋಭಾವ! ಸೋತವನ ಮಾನ ಉಳಿಸೋಕೆ ಎಂಥಾ ಸುಳ್ಳು ಹೇಳ್ತಿದ್ದಾನೆ!"

"ಸುಳ್ಳಲ್ಲ ಸಾರ್..."

"ಇನ್ನೂ ಬಿಡ್ತಿಲ್ಲ ನೋಡಿ!" ಎಂದು ಫೋರ್‌ಮನ್ ಕಣ್ಣೊರೆಸಿಕೊಂಡ. ಹೆಡ್‌ಮಾಸ್ಟರಂತೂ ಬಿಕ್ಕಿ ಅಳುತ್ತಿದ್ದರು. ಮೂವತ್ತು ಜನರ ಕೈಗಳು ಬೈಂಡರನನ್ನು ಮತ್ತೆ ಹೆಗಲಿಗೆ ಏರಿಸಿದವು, ನಿನ್ನೆಗಿಂತ ಎತ್ತರಕ್ಕೆ.

ಆ ಎತ್ತರದಿಂದ ಅವನಿಗೆ ಮಹಡಿಯ ಕಿಟಕಿ ಕಾಣಿಸಿತು. ನರ್ಸಮ್ಮ ಬೈಯುತ್ತಿದ್ದರೂ ಕೇಳದೆ, ಒಂದೇ ಕಾಲಿನ ಮೇಲೆ ನಿಂತು, ಗೋಡೆಗೆ ಭುಜ ಆನಿಸಿ, ಬಂಡೆ ಅವನಿಗಾಗಿ ಚಪ್ಪಾಳೆ ತಟ್ಟುತ್ತಿದ್ದ.

"ಅಲ್ಲಿ ನೋಡಿ! ಅಲ್ಲಿ ನೋಡಿ!" ಎಂದು ಬೈಂಡರ್ ಎರಡೂ ಕೈ ಕಿಟಕಿಯತ್ತ ಎತ್ತಿ, ಮೈ ತಿರುಗಿಸಿ ಕಿರುಚಿದ.

ಅವನು ಮತ್ತೆ ಕುಣಿಯಲು ಶುರುಮಾಡಿದನೆಂದು ಜನರೆಲ್ಲ ಅವನನ್ನೇ ನೋಡಿದರು.