ಡಮ್ಮಿ ಅರ್ಜಿ

ಹೆಂಡತಿಯ ಹೆಸರಿನಲ್ಲೂ ಒಂದು ನಾಮಪತ್ರ ಹಾಕಿಸುವ ಉಪಾಯ ಪೂರ್ತಿಯಾಗಿ ವೀರಭದ್ರಪ್ಪನದೇ. (ಆಮೇಲೆ ಅದನ್ನು ವಕೀಲರ ತಲೆಗೆ ಕಟ್ಟಲು ನೋಡಿದ. ವಕೀಲರು ಒಪ್ಪಲಿಲ್ಲ.) ಗ್ರಾಮ ಪಂಚಾಯತಿಯ ಸರಪಂಚ ಚುನಾವಣೆಗೆ ನಿಂತವರಲ್ಲಿ ಹುಷಾರಿರುವವರು ಮಾಡುವ ಕೆಲಸ ಅದು. ಪರಿಶೀಲನೆಯ ದಿನ ಯಾವುದೋ ಕಾಗದದ ಕೊರತೆಯಿಂದ ತನ್ನ ಅರ್ಜಿ ಬಿದ್ದುಹೋದರೆ, ಮನೆಯಲ್ಲೇ ಇನ್ನೊಂದು ನಿಂತಿರಲಿ ಎಂದು. ಅದಕ್ಕೆ ಡಮ್ಮಿ ಎನ್ನುತ್ತಾರೆ. ಡಮ್ಮಿಗೆ ಇರುವುದು ಎರಡೇ ಕೆಲಸ: ಹಾಕು ಅಂದಾಗ ಸಹಿ, ತೆಗೆ ಅಂದಾಗ ಸಹಿ.

ಮೊದಲ ಸಹಿಯನ್ನು ಚಂಪಾಬಾಯಿ ಹಿಟ್ಟಿನ ಕೈ ಒರೆಸಿಕೊಂಡು, ತೋರಿಸಿದ ಕಡೆಯಲ್ಲೆಲ್ಲ ಹಾಕಿಕೊಟ್ಟಿದ್ದಳು. ಎರಡನೆಯದು ಇಂದು ಮಧ್ಯಾಹ್ನ ಮೂರರೊಳಗೆ, ಮರಾಠಿ ಸೀಮೆಯ ನಿಲಂಗಾದ ತಹಸೀಲ ಕಚೇರಿಯಲ್ಲಿ ಆಗಬೇಕಿತ್ತು.

ವೀರಭದ್ರಪ್ಪ ಈ ಗಳಿಗೆಗೆ ಹದಿನೈದು ವರ್ಷ ಕಾದಿದ್ದ. ಎರಡು ಸಲ ಸೋತಿದ್ದ. ಎರಡನೆಯ ಸಲ ಗುರುಲಿಂಗಪ್ಪನ ಎದುರು ಬರೀ ಹನ್ನೊಂದು ಮತದಿಂದ. ಈ ಸಲ ಮಠದ ರುದ್ರಯ್ಯಸ್ವಾಮಿಗಳು ಇಬ್ಬರನ್ನೂ ಕೂಡಿಸಿಕೊಂಡು, ಜಗಳ ಬೇಡ, ಬಿನವಿರೋಧ ಮಾಡ್ರಿ, ಒಬ್ಬರೇ ನಿಲ್ರಿ ಎಂದಿದ್ದರು. ಎರಡು ತಾಸು ವಾದ ಮಾಡಲು ಸಿದ್ಧನಾಗಿ ಬಂದಿದ್ದ ವೀರಭದ್ರಪ್ಪನಿಗೆ ಬಾಯಿ ತೆರೆಯುವ ಸಂದರ್ಭವೇ ಬರಲಿಲ್ಲ. ಗುರುಲಿಂಗಪ್ಪ "ಆತ್ರಿ ಸ್ವಾಮಿ, ನಾ ಮಾಘಾರ ತಗೋತೀನಿ" ಎಂದು ಎದ್ದೇಬಿಟ್ಟ. ಹೇಳಿದಂತೆ ಇಂದು ಎರಡೂವರೆಗೆ ಬಂದು ತನ್ನ ಅರ್ಜಿ ವಾಪಸು ಪಡೆದು, ವೀರಭದ್ರಪ್ಪನ ಕೈ ಕುಲುಕಿ, ಎದುರಿನ ಬೆಂಚಿನ ಮೇಲೆ ಕಾಲು ಚಾಚಿ ಕುಳಿತ.

ಕಣದಲ್ಲಿ ಉಳಿದವರು ಇಬ್ಬರು: ಗಂಡ, ಹೆಂಡತಿ.

"ಹೂಂ, ಸಹೀ ಮಾಡು" ಎಂದು ವೀರಭದ್ರಪ್ಪ ಫಾರ್ಮು ಮುಂದೆ ಸರಿಸಿದ.

ಚಂಪಾಬಾಯಿ ಚಾಳೀಸು ಹಾಕಿಕೊಂಡಳು. ಫಾರ್ಮನ್ನು ಮೇಲಿನಿಂದ ಕೆಳಗೆ ಓದಿದಳು. ಮತ್ತೊಮ್ಮೆ ಮೇಲಿನಿಂದ ಓದಿದಳು. ಗೋಡೆಯ ಗಡಿಯಾರದಲ್ಲಿ ಎರಡು ಮೂವತ್ತೆಂಟು.

"ಇದರಾಗ 'ಸ್ವಂತ ಇಚ್ಛಾದಿಂದ' ಅಂತ ಬರದಾರಲ್ರಿ."

"ಎಲ್ಲಾ ಫಾರ್ಮಿನಾಗೂ ಹಂಗೇ ಇರ್ತದ."

"ನನಗ ಇಚ್ಛಾ ಆಗವಲ್ದು."

ಬಾಗಿಲಲ್ಲಿ ನಿಂತಿದ್ದವರು ಅರ್ಧ ಹೆಜ್ಜೆ ಒಳಗೆ ಬಂದರು. ವೀರಭದ್ರಪ್ಪ ನಕ್ಕ. ನಗು ಒಬ್ಬನದೇ ಎಂದು ತಿಳಿದ ಮೇಲೆ ನಿಲ್ಲಿಸಿದ.

"ಚಂಪಾ, ಚೇಷ್ಟಾ ಸಾಕು. ಮನಿಗಿ ಹೋಗಿ ಮಾತಾಡೋಣು."

"ಮನ್ಯಾಗ ನೀವು ಮಾತಾಡ್ತೀರಿ, ನಾ ಕೇಳ್ತೀನಿ. ಇಲ್ಲೇ ಬ್ಯಾರೆ ಕಾಯ್ದೆ ಅದ."

ಇದು ವೀರಭದ್ರಪ್ಪನ ಮನಸ್ಸಿಗೆ ನಾಟಿತು. ತನ್ನ ಮನೆಯಲ್ಲಿ ಪ್ರಜಾಪ್ರಭುತ್ವ ಉಂಟೆಂದು ಅವನು ಚಹಾದಂಗಡಿಯಲ್ಲಿ ಎಷ್ಟೋ ಸಲ ಸಾರಿದ್ದ. ಎಲ್ಲರಿಗೂ ವಾಕ್ ಸ್ವಾತಂತ್ರ್ಯ, ಚರ್ಚೆಗೆ ಮುಕ್ತ ಅವಕಾಶ, ಕೊನೆಗೆ ಬಹುಮತ. (ಬಹುಮತ ಎಂದರೆ ವೀರಭದ್ರಪ್ಪ.) ಎರಡು ನಲವತ್ತಾರಕ್ಕೆ ಅವನು ಚುನಾವಣಾಧಿಕಾರಿಯ ಮೇಜಿಗೆ ಹೋಗಿ, ಗಂಡ ಸಹಿ ಮಾಡಿದರೆ ನಡೆಯುತ್ತದೆಯೇ ಎಂದು ವಿಚಾರಿಸಿದ.

"ನಿಮ್ಮ ಅರ್ಜಿಯ ಮೇಲೆ ಮಾಡಿದರೆ ನಡೆಯುತ್ತದೆ" ಎಂದು ಅಧಿಕಾರಿ ಮರಾಠಿಯಲ್ಲಿ, ತಲೆ ಎತ್ತದೆ ಹೇಳಿದರು. "ಹದಿನಾಲ್ಕು ನಿಮಿಷ ಇದೆ. ಇಬ್ಬರೂ ಉಳಿದರೆ ಮತದಾನ."

ವೀರಭದ್ರಪ್ಪ ಬೆವರು ಒರೆಸಿಕೊಂಡು ತಿರುಗಿ ಬಂದ.

"ಆಗಲಿ ಬಿಡು! ವೋಟಿಂಗೇ ಆಗಲಿ! ಊರಾಗ ಯಾರ ತಾಕತ್ತ ಎಷ್ಟದ ನೋಡೇಬಿಡೋಣು!"

"ಆಗಲಿ ರೀ" ಎಂದಳು ಚಂಪಾಬಾಯಿ. "ನಮ್ಮ ಮನ್ಯಾಗಿಂದೇ ಎಣಸ್ರಿ."

ವೀರಭದ್ರಪ್ಪ ಎಣಿಸಿದ. ಮಗ ನೀಲೇಶನಿಗೆ ಮೋಟರ್‌ಸೈಕಲ್ ಕೊಡಿಸಲು ಅಪ್ಪ ಒಲ್ಲೆ ಎಂದಿದ್ದ, ಅವ್ವ ಕೊಡಿಸಿದ್ದಳು. ಸೊಸೆ ಕಾಜಲ ಅತ್ತೆಯ ಬಚತ ಗಟದ, ಅಂದರೆ ಹೆಂಗಸರ ಉಳಿತಾಯ ಸಂಘದ, ಸದಸ್ಯೆ. ಮನೆಯಲ್ಲಿ ಖಾತ್ರಿ ಮತ ಒಂದೇ ಸಿಕ್ಕಿತು, ಅದು ಅವನದೇ. ಅವನು ಎದುರಿನ ಬೆಂಚಿನ ಕಡೆ ನೋಡಿದ.

"ಗುರುಲಿಂಗಪ್ಪಾ, ನೀನರ ಹೇಳೋ ಆಕಿಗಿ! ನನ್ನ ಸಲುವಾಗಿ ಮಾಘಾರ ತಗೊಂಡಿದ್ದಿ ನೀ."

ಗುರುಲಿಂಗಪ್ಪ ಕಾಲು ಮಡಚಿದ. "ನಿನ್ನ ಸಲುವಾಗಿ ಯಾರು ತಗೊಂಡಾರಪ್ಪ? ನನ್ನ ಹೇಣ್ತಿ ಮಂಗಲಾ ಮನ್ಯಾಗ ಕುಂಡ್ರಗೊಡಲಿಲ್ಲ. 'ಚಂಪಾ ವೈನಿ ನಿಂತಾಳ, ನೀವು ಸುಮ್ಮ ವಾಪಸ ತಗೋರಿ' ಅಂದಳು. ಸ್ವಾಮಿಗಳು ಕರೆಯೂದಕ್ಕ ಮುಂಚೇನೇ ನಂದು ಮುಗದಿತ್ತು."

"ನಿಂತಾಳ? ಆಕಿ ಡಮ್ಮಿ ಅದಾಳೋ!"

"ಅದು ನಿನಗಷ್ಟೇ ಗೊತ್ತಿತ್ತು, ಉಳಿದವರಿಗಿ ಯಾರಿಗೂ ಗೊತ್ತಿರಲಿಲ್ಲ."

ಆಗ ಚಂಪಾಬಾಯಿ, ಬೀಜದ ಚೀಲದ ವಿಷಯ ಹೇಳುವಷ್ಟೇ ಶಾಂತವಾಗಿ, ನಡೆದದ್ದನ್ನು ಹೇಳಿದಳು. ಪಟ್ಟಿಯಲ್ಲಿ ಅವಳ ಹೆಸರು ಕಂಡ ಸೋಮವಾರ ಊರಿನ ಆರೂ ಬಚತ ಗಟದ ಹೆಂಗಸರು ಕೂಡಿದ್ದರು. ಅರ್ಜಿ ನಿಲ್ಲಬೇಕೋ ಬೇಡವೋ ಎಂದು ಕೈ ಎತ್ತಿಸಿದ್ದರು. ಬೇಕೆಂದು ಅರವತ್ತೆಂಟು ಕೈ.

"ಎಲ್ಲಿ ಕೂಡಿದ್ರಿ?"

"ನಮ್ಮ ಅಂಗಳದಾಗೇ. ನೀವೇ ಬಂದು 'ಗದ್ದಲ ಕಡಿಮಿ ಮಾಡ್ರಿ' ಅಂದ್ರಲ್ಲ."

ಎರಡು ಐವತ್ತೈದು. ಮತದಾನವೆಂದರೆ ಮತಗಟ್ಟೆ, ಪೊಲೀಸರು, ಗಂಡನಿಗೊಂದು ಚಿಹ್ನೆ, ಹೆಂಡತಿಗೊಂದು ಚಿಹ್ನೆ. ಉಮರ್ಗಾದಿಂದ ಉದಗೀರದವರೆಗೆ ಬೀಗರು ನೆಂಟರು ಫೋನು ಮಾಡಿ ಕೇಳುವುದು. ಕೊನೆಗೆ ಎಣಿಕೆ. ಹನ್ನೊಂದು ಮತದಿಂದ ಸೋತಾಗ ಕನಿಷ್ಠ ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಳ್ಳಲು ಸಾಧ್ಯವಾಗಿತ್ತು.

ಎರಡು ಐವತ್ತೆಂಟಕ್ಕೆ ವೀರಭದ್ರಪ್ಪ ಫಾರ್ಮು ಕೇಳಿ ಪಡೆದು, "ಸ್ವಂತ ಇಚ್ಛೆಯಿಂದ" ಎಂಬಲ್ಲಿ ಸಹಿ ಮಾಡಿದ. ಸಹಿ ಚೌಕದ ಆಚೆ ಹೋದದ್ದರಿಂದ ಅಧಿಕಾರಿ ಇನ್ನೊಮ್ಮೆ ಮಾಡಿಸಿದರು.

ಹೊರಗೆ ಬೇವಿನ ಗಿಡದ ಕೆಳಗೆ ಬಂದಾಗ ಅವನಿಗೆ ಜೀವ ಮರಳಿತು. ಈ ಸುತ್ತಮುತ್ತ ಎಷ್ಟು ಊರಲ್ಲಿ ಹೆಂಡತಿ ಸರಪಂಚ ಇದ್ದು ಗಂಡ ಕಾರಭಾರ ನಡೆಸುವುದಿಲ್ಲ! ಕುರ್ಚಿ ಅವಳದು, ಲೇಖಣಿ ತನ್ನದು. ವಿಚಾರ ಮಾಡಿದರೆ ಇದೇ ಚಲೋ. ಬೈಗುಳ ಅವಳಿಗೆ, ಅಧಿಕಾರ ತನಗೆ.

"ಆತು ಬಿಡು" ಎಂದ, ಉದಾರವಾಗಿ. "ನೀ ಸಹೀ ಹಾಕು, ಆಫೀಸಿನಾಗಿಂದು ನಾ ನೋಡ್ಕೋತೀನಿ."

"ಅದೂ ಸೋಮವಾರ ಠರಾವ ಆಗ್ಯದ ರೀ. ಸರಪಂಚಳ ಗಂಡ ಪಂಚಾಯತಿ ಆಫೀಸಿನಾಗ ಬರಬೇಕಂದ್ರ ಎಲ್ಲಾರಂಗ ಲೇಖೀ ಅರ್ಜಿ ಬರದು ಕೊಟ್ಟು, ಹೊರಗ ಕುಂತು, ಕರದಾಗ ಬರಬೇಕು."

"ಎಲ್ಲಾರೂ ಒಪ್ಪಿದ್ರಾ?"

"ಒಬ್ಬಾಕಿ ವಿರೋಧ ಮಾಡಿದಳು. ನಿಮ್ಮವ್ವ."

ಎಂಬತ್ತು ದಾಟಿದ ಸರುಬಾಯಿ! ಮನೆಯ ಮತ ಎಣಿಸುವಾಗ ವೀರಭದ್ರಪ್ಪನಿಗೆ ಅವಳ ನೆನಪೇ ಆಗಿರಲಿಲ್ಲ. ಬೆಳಗಿನಿಂದ ಅವನ ಪಾಲಿಗೆ ಬಂದ ಮೊದಲ ಮತ ಅದು.

"ನನಗ ಗೊತ್ತಿತ್ತು. ಅವ್ವ ಎಂದರೂ ಅವ್ವನೇ. ಏನಂದಳು?"

"ಅರ್ಜಿ ಕೊಟ್ಟರೂ ಒಳಗ ಬಿಡಬ್ಯಾಡ್ರಿ ಅಂದಳು."