ಮೊಳ ಮೀರಿದ ಗೆಂಡೆ

ಮೀನು ತಿನ್ನುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಹಿಡಿಯುವುದು ಬೇರೆ ವಿದ್ಯೆ, ಅದು ನನಗೆ ಒಲಿಯಲಿಲ್ಲ. ನಂಜನಗೂಡಿನಲ್ಲಿ ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದಿದ್ದರೂ, ಅಂಗಡಿಯಲ್ಲಿ ಸತ್ತ ಮೀನನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುವಾಗಲೂ ಅದು ನನ್ನ ಕೈಯಿಂದ ಒಮ್ಮೆ ಜಾರಿ ಬೀಳುತ್ತದೆ. ಇಂಥವನಿಗೆ ಹೆಣ್ಣು ಸಿಕ್ಕಿದ್ದು ತಿ. ನರಸೀಪುರ ತಾಲ್ಲೂಕಿನಲ್ಲಿ, ಹೆಮ್ಮಿಗೆ ಕಡೆಯ ಒಂದು ಊರಿನಲ್ಲಿ. ಅಲ್ಲಿ ಬೇಸಿಗೆಯಲ್ಲಿ ಕೆರೆ ತಗ್ಗಿದಾಗ ಒಂದು ದಿನ ಗೊತ್ತು ಮಾಡಿ ಊರಿಗೆ ಊರೇ ನೀರಿಗಿಳಿಯುತ್ತದೆ. ತಳವಿಲ್ಲದ ಬಿದಿರು ಬುಟ್ಟಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಬಿಟ್ಟು ತಡಕಿ, ಒಳಗೆ ಸಿಕ್ಕಿದ್ದನ್ನು ಎತ್ತಬೇಕು. ಮನೆಯ ಅಳಿಯ ಆ ದಿನ ಒಂದಾದರೂ ಮೀನು ಹಿಡಿದು ತಂದು ಅತ್ತೆಯ ಕೈಗೆ ಕೊಡಬೇಕೆಂಬುದು ಪದ್ಧತಿ. ಮದುವೆಯಾದ ಮೇಲೆ ಬಂದ ಬೇಸಿಗೆಗಳಲ್ಲೆಲ್ಲ ನಾನು ಅತ್ತೆಯ ಕೈಗೆ ಕೊಟ್ಟದ್ದು ಕೆಸರಾದ ಪಂಚೆ ಮಾತ್ರ.

ಕೆರೆಯ ಯಜಮಾನಿಕೆ ನಮ್ಮ ಮಾವನದು. ಮಾತು ಕಡಿಮೆ, ಆದರೆ ಹಾಕಿದ ಕಟ್ಟಳೆ ಅಂದರೆ ಕಟ್ಟಳೆ. ಮನೆಗೆ ಎರಡೇ ಮೀನು; ಗೇಣಿಗಿಂತ ಚಿಕ್ಕದಾದರೆ ಮರಳಿ ನೀರಿಗೆ. ಈ ಮಿತಿಗಳಿಗೆ ನಾನು ಮನಸಾರೆ ಋಣಿ. ನೀರು ಅಲುಗಿದ್ದನ್ನು ನೋಡಿಯೇ ಮೀನಿನ ಜಾತಿ ಹೇಳುವ ಘಟಾನುಘಟಿಗಳು ಎರಡೆರಡು ಹಿಡಿದು, ದಡ ಹತ್ತಿ ಬೀಡಿ ಹಚ್ಚಿದ ಮೇಲೆ ಇಡೀ ಕೆರೆ ನನ್ನೊಬ್ಬನಿಗೇ ಉಳಿಯುತ್ತಿತ್ತು. ಆಮೇಲೂ ನನಗೆ ಸಿಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಅದು ಕಟ್ಟಳೆಯ ತಪ್ಪಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ದಿನ ಗೊತ್ತು ಮಾಡಲು ಮಾವನ ಮನೆಯ ಪಡಸಾಲೆಯಲ್ಲಿ ಊರಿನವರು ಸೇರಿದ್ದರು. ಪಕ್ಕದ ಮನೆಯ ಚಿಕ್ಕಣ್ಣ ಗೊಣಗಿದ: “ವರ್ಸ ವರ್ಸ ಚಿಕ್ದುನ್ನ ಬುಡ್ತಾನೇ ಇದ್ದೀವಿ ಗೌಡ್ರೇ. ಆದ್ರೂ ಸಿಗೋವೆಲ್ಲ ಸಣ್ಣವೇ ಆಯ್ತಾ ಅವೆ. ಏನ್ ಬಂತು ಪ್ರಯೋಜ್ನ?”

ಮಾವ ಗೋಡೆಯ ಮೇಲಿದ್ದ ಜಿಂಕೆಯ ಕೊಂಬು ತೋರಿಸಿದರು. “ಕಾನೂನು ಬರೋಕ್ ಮುಂಚೆ ನಮ್ಮಪ್ಪ ಬೇಟೆ ಆಡ್ತಿದ್ರು. ಕೊಂಬು ಕವಲೊಡೀದ ಮರೀಗೆ ಕೋವಿ ಎತ್ತಿದೋರಲ್ಲ, ಹೆಣ್ಣಿಗಂತೂ ಇಲ್ವೇ ಇಲ್ಲ. ಮಿತಿ ಇದ್ರೇ ಬೇಟೆ ಕಣ್ಲಾ.”

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಜಿಂಕೆಯ ವಿಷಯ ನನಗೇನೂ ಗೊತ್ತಿಲ್ಲ. ಆ ಕೊಂಬಿಗೆ ಅಂಗಿ ತಗುಲಿ ಹಾಕುತ್ತಿದ್ದೆ, ಅಷ್ಟೇ ಸಂಬಂಧ. ಆದರೆ ನನ್ನ ವಾದ ಚೆನ್ನಾಗಿ ಓಡುವುದು ಗೊತ್ತಿಲ್ಲದ ದಾರಿಯಲ್ಲೇ. “ಒಳ್ಳೇ ಕೊಂಬಿನದನ್ನೇ ಆರಿಸಿ ಹೊಡೆದರೆ ಕಾಡಿನಲ್ಲಿ ಉಳಿಯುವುದೇನು ಮಾವ?” ಎಂದೆ. “ರಾಗಿಯಲ್ಲಿ ದಪ್ಪ ತೆನೆಯನ್ನು ಬೀಜಕ್ಕೆ ಎತ್ತಿಡುತ್ತೀರಿ. ಮೀನಿನಲ್ಲಿ ದಪ್ಪದನ್ನು ಸಾರಿಗೆ ಹಾಕುತ್ತೀರಿ. ಮೊಳ ಮೀರಿದ್ದನ್ನೂ ನೀರಿಗೆ ಬಿಟ್ಟು ನೋಡಿ!” ಪಡಸಾಲೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮೀನಿನ ವಿಷಯದಲ್ಲಿ ಆ ಊರು ನನ್ನ ಮಾತು ಕೇಳಿಸಿಕೊಂಡದ್ದು ಅದೇ ಮೊದಲು. ಮಾವ ಮತ್ತೆ ಕೊಂಬಿನ ಕಡೆ ನೋಡಿದರು. “ಅದೂ ನಿಜವೇ ಕಣ್ರೀ ಅಳಿಯಂದಿರೇ. ಇಂಥ ಕೊಂಬು ನಾನು ಕಾಡಲ್ಲಿ ಒಂದ್ ದಿನಾನೂ ಕಾಣ್ನಿಲ್ಲ.” ಮೊಳ ಮೀರಿದ್ದೂ ಮರಳಿ ನೀರಿಗೆ ಎಂಬ ಕಟ್ಟಳೆ ಆಗಿಯೇ ಹೋಯಿತು. ಬೀಗಿದೆ ಎಂದರೆ ಎಷ್ಟು ಬೀಗಿದೆ ಅಂದರೆ, ಗೊತ್ತು ಮಾಡಿದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆರೆಗಿಳಿದವನು ನಾನೇ.

ಈಗ ನೀವೇ ಊಹಿಸಿರುತ್ತೀರಿ. ಬಿಸಿಲೇರಿ, ಎಲ್ಲರೂ ದಡ ಸೇರಿದ ಮೇಲೆ ನನ್ನ ಬುಟ್ಟಿ ತಾನಾಗಿ ಕುಣಿಯತೊಡಗಿತು. ಅದನ್ನು ಎದೆಯಿಂದ ಒತ್ತಿ ಹಿಡಿದೆ. ಎರಡು ಸಲ ಮುಳುಗಿ, ಅಷ್ಟಿಷ್ಟು ಕೆಸರು ನುಂಗಿ ಎದ್ದಾಗ ನನ್ನ ತೋಳಿನಲ್ಲಿ ಕೂಸಿನ ಹಾಗೆ ಒಂದು ಗೆಂಡೆ ಮೀನು! ಏರಿಯ ಮೇಲೆ ಶಿಳ್ಳೆಗಳು ಬಿದ್ದವು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಮಾವ ಮೊಣಕಾಲುದ್ದ ನೀರಿಗೆ ಬಂದು, ಮೀನಿನ ಪಕ್ಕಕ್ಕೆ ತಮ್ಮ ಮೊಳಕೈ ಚಾಚಿ ಅಳೆದರು. ಮೊಳ ಮುಗಿದ ಮೇಲೂ ಮೀನು ಮುಗಿದಿರಲಿಲ್ಲ.

“ಒಂದ್ ಕಿತ ಬುಡಿ ಗೌಡ್ರೇ,” ಎಂದ ಚಿಕ್ಕಣ್ಣ. “ಅಳಿಮಯ್ಯಂಗೆ ಇದೇ ಮೊದಲ್ನೇದು. ಪಾಪ, ಇನ್ನೊಂದ್ ಸಿಕ್ಕಾದಾ?”

ಮಾವ ಬಿಡಿ ಎನ್ನಲಿಲ್ಲ, ಇಟ್ಟುಕೊಳ್ಳಿ ಎಂದೂ ಅನ್ನಲಿಲ್ಲ. ನನ್ನ ಮುಖ ನೋಡಿದರು. ನಾನು ಇಟ್ಟುಕೊಂಡರೆ ಸಂಜೆಯೊಳಗೆ ಊರಿನ ಪ್ರತಿಯೊಬ್ಬನಿಗೂ ಒಂದೊಂದು ವಿನಾಯಿತಿ ಬೇಕಾಗುತ್ತದೆ, ಮಾವ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕಟ್ಟಳೆಗಳೆಲ್ಲ ಅವರ ಅಳಿಯನ ಕೈಯಲ್ಲೇ ಮುಗಿಯುತ್ತವೆ ಎಂದು ನನಗೆ ತಿಳಿಯಿತು. ತಲೆಗೆ ತಿಳಿಯಿತು, ತೋಳಿಗೆ ತಿಳಿಯಲಿಲ್ಲ. ಅದು ಮೀನನ್ನು ಇನ್ನಷ್ಟು ಅಪ್ಪಿಕೊಂಡಿತು. ನಿಜ ಹೇಳಬೇಕೆಂದರೆ ಅಳು ಬಂದಿತ್ತು. ಮೈಯೆಲ್ಲ ನೀರಾಗಿದ್ದರಿಂದ ಯಾರಿಗೂ ಕಾಣಲಿಲ್ಲ.

ಆಗ ಏರಿಯ ಮೇಲಿಂದ ನನ್ನ ಹೆಂಡತಿ ಭಾಗ್ಯಳ ದನಿ ಕೇಳಿತು: “ಬಿಟ್ಬಿಡ್ರೀ ಅದನ್ನ! ಅಷ್ಟು ದೊಡ್ಡ ಮೀನು ಬೇಯಿಸೋಕೆ ಮನೇಲಿ ಪಾತ್ರೆ ಇಲ್ಲ!”

ಊರೆಲ್ಲ ನಕ್ಕಿತು. ಆ ನಗುವಿನಲ್ಲಿ ನನ್ನ ತೋಳು ಸಡಿಲವಾಯಿತು. ಗೆಂಡೆ ಬಾಲದಿಂದ ನನ್ನ ಕೆನ್ನೆಗೆ ಒಂದು ಕೊಟ್ಟು ಹೋಯಿತು. ನಮ್ಮ ಮದುವೆಯಲ್ಲಿ ಊರಿಗೆಲ್ಲ ಅನ್ನ ಬೇಯಿಸಿದ ಕೊಪ್ಪರಿಗೆ ಅಟ್ಟದ ಮೇಲಿರುವುದು ಅವಳಿಗೂ ಗೊತ್ತು, ನನಗೂ ಗೊತ್ತು. ನನ್ನ ಮಾನವನ್ನೂ ತನ್ನ ಅಪ್ಪನ ಮಾತನ್ನೂ ಒಂದೇ ಸುಳ್ಳಿನಲ್ಲಿ ಉಳಿಸಿದ ಅವಳಿಗೆ ನಾನು ಇವತ್ತಿಗೂ ಕೃತಜ್ಞ.

ಆಮೇಲೆ ಕೆರೆಯಲ್ಲಿ ಮೀನು ದಪ್ಪವಾದವೇ ಎಂದು ಕೇಳಬೇಡಿ. ಕೆಲವು ವರ್ಷ ಆದವು, ಕೆಲವು ವರ್ಷ ಇಲ್ಲ. ಕಟ್ಟಳೆಯಿಂದ ಎಂದರು ಕೆಲವರು, ಮಳೆಯಿಂದ ಎಂದ ಚಿಕ್ಕಣ್ಣ. ಅವತ್ತು ಮಧ್ಯಾಹ್ನ ಮಾತ್ರ ಮಾವ ಹಿಡಿದಿದ್ದ ಎರಡು ಮೀನು ಸಾರಾಗಿ, ಬಿಸಿ ಮುದ್ದೆಯ ಪಕ್ಕಕ್ಕೆ ಬಂದವು. ಮನೆಯ ಹಿರಿಯನಿಗೆ ಹೋಗಬೇಕಾದ ತಲೆಯ ತುಂಡನ್ನು ಮಾವ ತಮ್ಮ ತಟ್ಟೆಯಿಂದ ಎತ್ತಿ ನನ್ನ ತಟ್ಟೆಗೆ ಇಟ್ಟರು. ನಾನು ತಕ್ಷಣ ಅದಕ್ಕೆ ಕೈ ಹಾಕಿದೆ.

“ಮುಳ್ಳು ನೋಡ್ಕೊಂಡು ಉಣ್ಣಿ ಅಳಿಯಂದಿರೇ,” ಎಂದರು. “ಮುಂದಿನ್ ವರ್ಷಾನೂ ಪಡಸಾಲೇಲಿ ಮಾತಾಡೋಕೆ ಆ ಗಂಟ್ಲು ಬೇಕು.”

ಉತ್ತರ ಕೊಡಲು ಬಾಯಿ ತೆರೆದೆ. ಭಾಗ್ಯ ಅದರೊಳಕ್ಕೆ ಒಂದು ತುತ್ತು ಮುದ್ದೆ ತುರುಕಿದಳು.