ಟ್ರಯಲ್ ರೂಮಿನ ಜಾಗದಲ್ಲಿ ನಿಂತಿರುವ ಬೊಂಬೆಯವರಿಗೆ

ಇಂದ,
ಈ ಅಂಗಡಿಯ ಒಳಾಂಗಣ ವಿನ್ಯಾಸಗಾರ್ತಿ
(ಮಾಲಕಿಯ ಗಂಡನ ತಂಗಿ; ಆದ್ದರಿಂದಲೇ ಕೆಲಸ ಸಿಕ್ಕಿದ್ದು, ಆದ್ದರಿಂದಲೇ ಕೆಲಸ ಕೆಟ್ಟದ್ದು)

ಗೆ,
ಮಾನ್ಯ ತಲೆಯಿಲ್ಲದ ಬೊಂಬೆಯವರು,
ಹಿಂಗೋಡೆಯ ಮೂಲೆ, ಇದೇ ಅಂಗಡಿ

ವಿಷಯ: ತಾವು ನಿಂತಿರುವ ಜಾಗವನ್ನು ಟ್ರಯಲ್ ರೂಮಿಗೆ ಮರಳಿಸಿ, ತಾವು ಮುಂದಿನ ಕಿಟಕಿಗೆ ಹಿಂದಿರುಗುವ ಬಗ್ಗೆ.

ಉಲ್ಲೇಖ: (ಅ) ಅತ್ತಿಗೆಯವರ ಮೌಖಿಕ ಆದೇಶ, "ಸ್ವಲ್ಪ ಅಡ್ಜಸ್ಟ್ ಮಾಡೇ", ಲೆಕ್ಕವಿಲ್ಲದಷ್ಟು ಸಲ.
(ಆ) ಪರದೆಯ ಹಿಂದಿನಿಂದ ಅರ್ಜಿದಾರಳ ಅಕ್ಕ ಆಡಿದ ಮಾತು, ಒಂದೇ ಸಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಏನೆಂದರೆ, ಈ ಅಂಗಡಿಯಲ್ಲಿ ತಲೆ ಇರುವವರೆಲ್ಲರ ಮುಂದೆಯೂ ಅರ್ಜಿದಾರಳು ಅಹವಾಲು ಸಲ್ಲಿಸಿ ಆಗಿದೆ. ಫಲ ಕಾಣದ ಕಾರಣ ತಮ್ಮಲ್ಲಿಗೆ ಬಂದಿದ್ದಾಳೆ. ಅವಳ ಅಜ್ಜಿಯ ಕಥೆಗಳಲ್ಲಿ ಸಿಂಹಾಸನದ ಮೆಟ್ಟಿಲಿನ ಬೊಂಬೆಗಳು ಬಾಯಿಬಿಟ್ಟು ರಾಜರ ಬೆವರಿಳಿಸುತ್ತಿದ್ದವು. ತಮಗೆ ಬಾಯಿಯಿಲ್ಲ. ಆದರೆ ಮಾತಿನ ಮಧ್ಯೆ ಫೋನು ನೋಡುವ ಕಣ್ಣೂ ಇಲ್ಲ. ಸದ್ಯಕ್ಕೆ ಅದೇ ದೊಡ್ಡ ಅರ್ಹತೆ.

೧. ಅದೇ ಕಥೆಗಳ ಅರಮನೆಯಲ್ಲಿ ಏಳನೆಯ ಕೋಣೆ ಎಂದೊಂದು ಇರುತ್ತಿತ್ತು. ಅದರೊಳಗೆ ಹೋದ ಹುಡುಗಿ ಬೇರೆಯೇ ಆಗಿ ಹೊರಬರುತ್ತಿದ್ದಳು. ಅಕ್ಕತಂಗಿಯರಿಬ್ಬರೂ ಕಣ್ಣರಳಿಸಿ ಕೇಳಿದ್ದರು. ಆಮೇಲೆ ಅಕ್ಕ ಮೈಕೈ ತುಂಬಿಕೊಂಡು ಬೆಳೆದಳು. ಒಂದು ಬಟ್ಟೆ ಅಂಗಡಿಯಲ್ಲಿ ಅಮ್ಮ, ಚಿಕ್ಕಮ್ಮ ಹೊದಿಕೆಯೊಂದನ್ನು ಮರೆಯಾಗಿ ಹಿಡಿದು ಅವಳಿಗೆ ಅಂಗಿ ತೊಡಿಸುವಾಗ ಹೊಲಿಗೆ ಪರ್‍ರನೆ ಬಿಚ್ಚಿತು. ಗಲ್ಲಾದ ಮೇಲಿದ್ದವನು ನಕ್ಕ. ಅಂದಿನಿಂದ ಅಕ್ಕ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಹಳೆಯದೊಂದನ್ನು ಅಳತೆಗೆ ಕಳಿಸಿ, ಅಂಥದ್ದನ್ನೇ ಮತ್ತೆ ಮತ್ತೆ ಹೊಲಿಸಿಕೊಳ್ಳುತ್ತಾಳೆ. ಸದರಿ ಕಾರಣದಿಂದ ಅರ್ಜಿದಾರಳು ಈ ವಿದ್ಯೆ ಕಲಿತಳು: ಒಳಗಿನಿಂದ ಚಿಲಕವಿರುವ, ಎರಡೂ ಕೈ ಮೇಲೆತ್ತಿ ಒಂದು ಸುತ್ತು ತಿರುಗಬಹುದಾದ ಒಂದು ಕೋಣೆ ಕಟ್ಟಬೇಕೆಂದು.

೨. ಮೊದಲ ನಕ್ಷೆಯಲ್ಲಿ ಆ ಕೋಣೆ ಇತ್ತು. ಅತ್ತಿಗೆಯವರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಪರಿಶೀಲಿಸಿ, ಫೋನಿನಲ್ಲಿದ್ದ ಒಂದು ಚಿತ್ರ ತೋರಿಸಿದರು. ಆ ಚಿತ್ರದ ಅಂಗಡಿ ರೈಲು ನಿಲ್ದಾಣದಷ್ಟಿತ್ತು; ಇವರದು ಅದರ ಟಿಕೆಟ್ ಕಿಟಕಿಯಷ್ಟು.

"ನೋಡು, ಎಷ್ಟು ಖಾಲಿ ಖಾಲಿ, ಎಷ್ಟು ರಿಚ್ಚಾಗಿದೆ. ನಂಗೆ ಹೀಗೇ ಬೇಕು," ಎಂದರು. ಆ ಖಾಲಿತನವನ್ನು ತುಂಬಿಸಲು ಮೊದಲು ಒಂದು ಸೋಫಾ ಬಂತು.

೩. ಆಮೇಲೆ ಉಯ್ಯಾಲೆ ಬಂತು. ಹೌದು, ಬಟ್ಟೆ ಅಂಗಡಿಯೊಳಗೆ ಉಯ್ಯಾಲೆ. ಪ್ಲಾಸ್ಟಿಕ್ ಹೂ ಸುತ್ತಿದ್ದು, ಕುಳಿತು ಫೋಟೋ ತೆಗೆಸಿಕೊಳ್ಳಲು. ಅದು ಕಿಟಕಿಯನ್ನು ನುಂಗಿದ್ದರಿಂದ, ಕಿಟಕಿಯಲ್ಲಿದ್ದ ತಾವು ಪೀಠಸಮೇತ ಹಿಂದಕ್ಕೆ ವರ್ಗವಾದಿರಿ. ತಾವು ಬಂದದ್ದರಿಂದ ಟ್ರಯಲ್ ರೂಮು ಗೋಡೆಗೆ ಅಂಟಿಕೊಂಡಿತು. ಬಾಗಿಲು ತೆರೆಯಲು ಜಾಗವಿಲ್ಲದ ಕಾರಣ ಬಾಗಿಲು ಹೋಗಿ ಪರದೆ ಬಂತು. ಆದ್ದರಿಂದ ಚಿಲಕದ ಪ್ರಶ್ನೆಯೇ ಉದ್ಭವಿಸಲಿಲ್ಲ.

ಬಡಗಿ ಅಳತೆಪಟ್ಟಿ ಮಡಚಿಕೊಂಡು, "ಮೇಡಂ, ಇದು ರೂಮಾ ಕಪಾಟಾ ಹೇಳಿಬಿಡಿ, ಹಲಗೆ ಹೊಡೀಬೇಕೋ ಬೇಡ್ವೋ ಗೊತ್ತಾಗ್ಲಿ," ಎಂದ.

"ಅತ್ತಿಗೆ, ಒಳಗೆ ಕೈ ಎತ್ತೋಕಾಗಲ್ಲ," ಎಂದಳು ಅರ್ಜಿದಾರಳು.

"ಕೈ ಯಾಕೆ ಎತ್ಬೇಕು? ಭುಜಕ್ಕೆ ಹಿಡಿದು ನೋಡಿದ್ರೆ ಗೊತ್ತಾಗಲ್ವಾ? ಅಲ್ಲೇನು ಸಂಸಾರ ಹೂಡ್ತಾರಾ?"

ಅಣ್ಣನಿಗೆ ಮೇಲ್ಮನವಿ ಸಲ್ಲಿಸಲಾಯಿತು. ಅವನು "ಅವಳಂಗಡಿ ಮಾರಾಯ್ತಿ, ನನ್ನನ್ನ ಎಳೀಬೇಡ" ಎಂದು ಟಿವಿಯ ಸದ್ದು ಹೆಚ್ಚಿಸಿ ಮನವಿಯನ್ನು ವಿಲೇವಾರಿ ಮಾಡಿದ.

೪. ಅಂಗಡಿ ತೆರೆದ ದಿನ ಅಕ್ಕ ಬಂದಳು. ತಂಗಿ ಕಟ್ಟಿದ ಕೋಣೆ ಎಂಬ ಒಂದೇ ನಂಬಿಕೆಯಿಂದ ಬಂದಳು. ಕಡುಹಸಿರು ಗೌನೊಂದನ್ನು ತಾನೇ ಆರಿಸಿಕೊಂಡು ಪರದೆಯ ಹಿಂದೆ ಹೋದಳು. ಗೌನು ತಲೆಯವರೆಗೆ ಇಳಿದಾಗ ಕೈಗಳೆರಡೂ ಮೇಲೆಯೇ ಸಿಕ್ಕಿಕೊಂಡವು. ಒಂದು ಮೊಣಕೈ ಗೋಡೆಗೆ ಬಡಿಯಿತು, ಇನ್ನೊಂದು ಪಕ್ಕದ ತೆಳುಹಲಗೆಯ ಮೂಲಕ ಅದರಾಚೆಯ ತಮಗೆ. ತಾವು ವಾಲಿದಿರಿ. ಅಂಗಡಿ ತುಂಬ ಇದ್ದವರು ಇತ್ತ ತಿರುಗಿದರು.

"ಏನದು, ಒಳಗೆ ಕುಸ್ತಿನಾ?" ಎಂದರು ಅತ್ತಿಗೆಯವರು. "ಬೊಂಬೆ ಹುಷಾರು. ಆ ಸೈಜು ನಮ್ಮಲ್ಲಿಲ್ಲ ಅಂತ ಯಾರಾದ್ರೂ ಮೊದಲೇ ಹೇಳ್ಬಾರ್ದಿತ್ತಾ?"

ಉಯ್ಯಾಲೆಯ ಮೇಲಿದ್ದವರು ತೂಗುತ್ತಲೇ ನಕ್ಕರು.

ಗೌನು ಅಕ್ಕನ ಅಳತೆಯದೇ ಎಂಬುದನ್ನು ಇಲ್ಲಿ ದಾಖಲಿಸತಕ್ಕದ್ದು. ಅರ್ಜಿದಾರಳೇ ಹೇಳಿ ತರಿಸಿ ತೂಗುಹಾಕಿಸಿದ್ದಳು. ಸಾಲದೆ ಬಂದದ್ದು ಕೋಣೆ. ಅರ್ಜಿದಾರಳು ಓಡಿಹೋಗಿ ಪರದೆಯ ಎರಡೂ ಅಂಚು ಬಿಗಿಯಾಗಿ ಹಿಡಿದು ನಿಂತಳು, ಅಂದು ಅಮ್ಮ ಹೊದಿಕೆ ಹಿಡಿದು ನಿಂತ ಹಾಗೆಯೇ. ಒಳಗಿನಿಂದ ಅಕ್ಕ ಮೆಲ್ಲಗೆ ಹೇಳಿದಳು: "ತೆಗೀಬೇಡ ಕಣೇ. ನಿನ್ನ ಹೊಸ ಗೋಡೆ ಗೀರಿಬಿಟ್ಟೆ ನೋಡು, ಬೇಜಾರು ಮಾಡ್ಕೋಬೇಡ."

ತನ್ನದೇ ಬಟ್ಟೆಯಲ್ಲಿ ಹೊರಬಂದು, ಗೋಡೆಯ ಬಣ್ಣ ಚೆನ್ನಾಗಿದೆಯೆಂದು ಎಲ್ಲರಿಗೂ ಕೇಳುವಂತೆ ಹೊಗಳಿ, ಒಂದು ಕೂದಲಪಿನ್ನು ಕೊಂಡುಕೊಂಡು ಹೋದಳು. ಅತ್ತಿಗೆಯವರು ಅದನ್ನು ಮೊದಲ ವ್ಯಾಪಾರವೆಂದು ಫೋಟೋ ತೆಗೆದರು.

೫. ಮತ್ತೆ ಬಾ ಎಂದು ಅರ್ಜಿದಾರಳು ಗೋಗರೆದಾಗ ಅಕ್ಕ ಬೇಡವೆನ್ನಲಿಲ್ಲ. "ಬಾಗಿಲು ಹಾಕಿಸ್ತೀಯಾ?" ಎಂದಷ್ಟೇ ಕೇಳಿದಳು.

ಆದ್ದರಿಂದ, ಹಾಗೂ ತಮಗೆ ಬಟ್ಟೆ ಬದಲಿಸಲು ಮರೆಯ ಅಗತ್ಯವಿಲ್ಲದ ಕಾರಣ, ಹಾಗೂ ತೋಳುಗಳನ್ನು ಬಿಚ್ಚಿ ಪಕ್ಕಕ್ಕಿಡುವ ಸೌಲಭ್ಯ ತಮಗೊಬ್ಬರಿಗೇ ಇರುವ ಕಾರಣ, ತಾವು ದಯಮಾಡಿ ಕಿಟಕಿಗೆ ಮರಳಬೇಕು. ಸೋಮವಾರ ಅಂಗಡಿಗೆ ರಜೆ. ಬಡಗಿ ಬಾಗಿಲು, ಚಿಲಕ ಹಿಡಿದು ಬೆಳಿಗ್ಗೆಯೇ ಬರುತ್ತಾನೆ. ಅತ್ತಿಗೆಯವರು ಮಂಗಳವಾರ ಅರ್ಜಿದಾರಳನ್ನು ಕೆಲಸದಿಂದಲೂ, ಸಾಧ್ಯವಾದರೆ ಮನೆತನದಿಂದಲೂ ತೆಗೆದುಹಾಕುವರು. ಅದಕ್ಕೆ ಅರ್ಜಿದಾರಳ ಆಕ್ಷೇಪಣೆ ಇರುವುದಿಲ್ಲ. ಅಕ್ಕ ಬರುವುದು ಅದೇ ಮಂಗಳವಾರ ಬೆಳಿಗ್ಗೆ, ಅಂಗಡಿ ತೆರೆದ ಕೂಡಲೇ.

ಇತಿ,
ತಮ್ಮ ವಿಶ್ವಾಸವನ್ನೂ ಅತ್ತಿಗೆಯವರ ಕೋಪವನ್ನೂ ಎದುರುನೋಡುತ್ತಿರುವ
ಅರ್ಜಿದಾರಳು

ಲಗತ್ತುಗಳು:
ಮೊದಲ ನಕ್ಷೆ, ಸರಿಯಾದ ದಿಕ್ಕಿನಲ್ಲಿ.
ಉಯ್ಯಾಲೆಯ ಎರಡು ಕೊಕ್ಕೆಗಳು, ಈಗಾಗಲೇ ಬಿಚ್ಚಿದ್ದು.
ಕಡುಹಸಿರು ಗೌನು, ಮಾರಾಟಕ್ಕಿಲ್ಲವೆಂದು ಚೀಟಿ ಅಂಟಿಸಿದೆ.

ವಿ.ಸೂ.: ಅಕ್ಕ ಒಳಗೆ ಹೋಗಿ ಚಿಲಕ ಹಾಕಿಕೊಂಡ ಮೇಲೆ, ಎಷ್ಟು ಹೊತ್ತಾದರೂ, "ಆಯ್ತಾ?" ಎಂದು ಯಾರೂ ಕೇಳದಂತೆ ನೋಡಿಕೊಳ್ಳಬೇಕಾಗಿ ಕೋರಿಕೆ.